ನಾನು ಕತ್ತರಿಸಿದ ಎಡದಂಚು

ಹೋದ ತಿಂಗಳು ಬಳ್ಳಾರಿಯಲ್ಲಿ ಹಳೆಯ ಸಿನಿಮಾ ಆಪರೇಟರುಗಳೆಲ್ಲ ಸೇರಿ ಒಂದು ಸಂತಾಪ ಸಭೆ ಮಾಡಿದರು. ತೀರಿಕೊಂಡವರ ಜೊತೆ ಕೆಲಸ ಮಾಡಿದವನು ಅಂತ ನನ್ನ ಕೈಗೂ ಮೈಕು ಕೊಟ್ಟರು. ಕೊಟ್ಟರೆ ಬಿಡುತ್ತೇನೆಯೇ? ಹತ್ತು ನಿಮಿಷ ಮಾತಾಡಿದೆ. ಅಂಥ ಪ್ರಾಮಾಣಿಕರು ಇನ್ನು ಹುಟ್ಟುವುದಿಲ್ಲ ಅಂದೆ, ನನಗೆ ಗುರು ಇದ್ದಂತೆ ಅಂದೆ, ಕೊನೆಗೆ ಗಂಟಲು ಕಟ್ಟಿದಂತೆ ಮಾಡಿ ಕೂತೆ. ಸಂತಾಪ ಸಭೆ ಅನ್ನುವುದನ್ನೂ ಮರೆತು ಇಬ್ಬರು ಚಪ್ಪಾಳೆ ತಟ್ಟಿದರು. ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಅವರ ಮಗಳು ಎದುರಿಗೆ ಬಂದು, "ಚಲೋ ಮಾತಾಡಿದ್ರಿ ಅಣ್ಣಾರ. ಅಪ್ಪ ಇದ್ದಿದ್ರ ಭಾಳ ಖುಷಿ ಪಡ್ತಿದ್ದ," ಅಂದಳು. ನಾನು ಕೈ ಮುಗಿದು ಸ್ಕೂಟರ್ ಹತ್ತಿದೆ. ಸತ್ಯನಾರಾಯಣಪೇಟೆಯ ನನ್ನ ಮನೆ ಮುಟ್ಟುವಷ್ಟರಲ್ಲಿ ನನ್ನ ಮೇಲೆ ನನಗೇ ಹೇಸಿಗೆ ಬಂದಿತ್ತು. ಹೆಂಡತಿ ತಟ್ಟೆ ಹಾಕಿದಳು, ಹಸಿವಿಲ್ಲ ಅಂದೆ.

ಆ ಮನುಷ್ಯ ಇಡೀ ಜೀವನದಲ್ಲಿ ನನ್ನನ್ನು ಕೇಳಿದ್ದು ಒಂದೇ ಒಂದು. ಅವರ ಹೆಂಡತಿ ಚಿಕ್ಕ ವಯಸ್ಸಿಗೇ ತೀರಿಹೋಗಿದ್ದಳು. ಆಕೆಯ ಒಂದು ಫೋಟೋ ಕೂಡ ಎಲ್ಲೂ ಇರಲಿಲ್ಲ. ಆಕೆ ಉಳಿದಿದ್ದದ್ದು ಒಂದು ಹಳೆಯ ಸಿನಿಮಾಸ್ಕೋಪ್ ಚಿತ್ರದ ಎಡದಂಚಿನಲ್ಲಿ, ಹನ್ನೊಂದು ಸೆಕೆಂಡು. ಆ ಚಿತ್ರವನ್ನು ನಾನು ಸಿ.ಡಿ.ಗೆ ಇಳಿಸುವಾಗ ಅಂಚು ಉಳಿಸಪ್ಪಾ ಅಂತ ಕೇಳಿಕೊಂಡಿದ್ದರು. ನಾನು ಕತ್ತರಿಸಿದೆ. ಕತ್ತರಿಸಿದ್ದಲ್ಲದೆ ಸುಳ್ಳೂ ಹೇಳಿದೆ. ಮೈಕು ಹಿಡಿದು ನಿಂತಾಗ ನುಂಗಿದ್ದು ಇದನ್ನು. ಈಗ ಕಾರಿಕೊಳ್ಳುತ್ತಿದ್ದೇನೆ, ಓದುವವರು ಬೈದರೆ ಬೈಯಲಿ.

ಅವರ ಹೆಸರು ಬರೆಯುವುದಿಲ್ಲ. ಆ ಹೆಸರು ನನ್ನ ಬರಹದಲ್ಲಿ ಬರುವಷ್ಟು ಯೋಗ್ಯತೆ ನಾನು ಉಳಿಸಿಕೊಂಡಿಲ್ಲ. ಊರಿನವರು ಅವರನ್ನು ಸ್ಕೋಪ್ ಸಾಬ್ರು ಅನ್ನುತ್ತಿದ್ದರು, ನಾನು ಚಾಚಾ ಅನ್ನುತ್ತಿದ್ದೆ. ಕುರುಗೋಡಿನ ನದಾಫರ ಮನೆತನ. ಅವರಪ್ಪ ಬಿಲ್ಲು ಹಿಡಿದು ಹತ್ತಿ ಹಿಂಜುತ್ತಿದ್ದವರು, ಗಾದಿ ತುಂಬುತ್ತಿದ್ದವರು. ಚಾಚಾ ಮಾತ್ರ ಸಿರುಗುಪ್ಪದ ಒಂದು ಟಾಕೀಸಿನಲ್ಲಿ ಪ್ರೊಜೆಕ್ಟರ್ ನಡೆಸಲು ಬಂದು ಅಲ್ಲೇ ನಿಂತುಬಿಟ್ಟರು. ನಾನು ಇಪ್ಪತ್ತು ದಾಟಿದ ಮೇಲೆ ಅದೇ ಟಾಕೀಸಿನ ಬುಕಿಂಗ್ ಗುಮಾಸ್ತನಾಗಿ ಸೇರಿದೆ. ಚಾಚಾ ಕುಳ್ಳಗಿನ ಆಳು, ಬಿಳಿ ಪೈಜಾಮ, ಮೇಲೊಂದು ಖಾಕಿ ಅಂಗಿ. ಪ್ರೊಜೆಕ್ಟರಿನ ಕಾವಿಗೆ ಬಲಗೈಯ ರೋಮವೆಲ್ಲ ಸುಟ್ಟು ಆ ಕೈ ಕೂಸಿನ ಕೈಯಂತೆ ನುಣ್ಣಗಿತ್ತು. ಲೆನ್ಸು ಒರೆಸಲು ಅಂಗಡಿಯ ಹತ್ತಿ ಮುಟ್ಟುತ್ತಿರಲಿಲ್ಲ. ವಾರಕ್ಕೊಮ್ಮೆ ಕುರುಗೋಡಿಗೆ ಹೋದಾಗ ಅಪ್ಪ ಹಿಂಜಿದ ಹತ್ತಿಯನ್ನು ಕಾಗದದಲ್ಲಿ ಸುತ್ತಿ ತರುತ್ತಿದ್ದರು. "ಅಂಗಡಿ ಹತ್ಯಾಗ ಬೀಜದ ಚೂರು ಇರ್ತಾವ. ಗಾಜಿಗೆ ಗೀರು ಬಿದ್ರ ಆ ಗೀರು ಹೀರೋಯಿನ್ನ ಗಲ್ಲದ ಮ್ಯಾಲ ಬೀಳ್ತೈತಿ. ಆಕಿ ಏನ್ ತಪ್ಪು ಮಾಡ್ಯಾಳ?" ಅನ್ನುತ್ತಿದ್ದರು.

ಸಿನಿಮಾಸ್ಕೋಪ್ ಅಂದರೆ ಏನು ಅಂತ ಈಗಿನವರಿಗೆ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಫಿಲ್ಮಿನ ಅಗಲ ಎಷ್ಟಿದೆಯೋ ಅಷ್ಟೇ. ಅದರೊಳಗೆ ದೊಡ್ಡ ಬಯಲನ್ನು ತುರುಕಬೇಕಲ್ಲ, ಅದಕ್ಕೆ ತೆಗೆಯುವಾಗಲೇ ಚಿತ್ರವನ್ನು ಎರಡೂ ಬದಿಯಿಂದ ಒತ್ತಿ ಸಣ್ಣ ಮಾಡುತ್ತಾರೆ. ಟಾಕೀಸಿನಲ್ಲಿ ಪ್ರೊಜೆಕ್ಟರಿನ ಮುಂದೆ ಇನ್ನೊಂದು ಲೆನ್ಸು ಸಿಕ್ಕಿಸಿದರೆ ಅದು ಒತ್ತಿದ್ದನ್ನು ಮತ್ತೆ ಅಗಲ ಮಾಡಿ ಪರದೆಯ ತುಂಬ ಹಾಸುತ್ತದೆ. ಆ ಲೆನ್ಸು ಇಲ್ಲದಿದ್ದರೆ ಕಥೆ ಮುಗಿಯಿತು; ಎಲ್ಲರೂ ಉದ್ದಕ್ಕೆ, ತೆಳ್ಳಗೆ, ಹಸಿದವರಂತೆ ಕಾಣುತ್ತಾರೆ.

ನಮ್ಮ ಸಾವ್ಕಾರರಿಗೆ ಸಿರುಗುಪ್ಪದಲ್ಲೊಂದು, ತೆಕ್ಕಲಕೋಟೆಯಲ್ಲೊಂದು ಟಾಕೀಸು. ಸ್ಕೋಪ್ ಲೆನ್ಸು ಮಾತ್ರ ಒಂದೇ. ಎರಡೂ ಕಡೆ ಸ್ಕೋಪ್ ಚಿತ್ರ ಬಂದಾಗ ಆಟದ ಹೊತ್ತು ಹಿಂದುಮುಂದು ಮಾಡಿ, ಆ ಲೆನ್ಸನ್ನು ಟವೆಲಿನಲ್ಲಿ ಸುತ್ತಿ ಮೋಟರ್ ಸೈಕಲ್ಲಿನ ಮೇಲೆ ಓಡಾಡಿಸುತ್ತಿದ್ದರು. ಒಂದು ಮಧ್ಯಾಹ್ನ ತೆಕ್ಕಲಕೋಟೆಯ ಕಡೆಯಿಂದ ಬರಬೇಕಾದ ಗಾಡಿ ಪಂಕ್ಚರಾಯಿತು. ಇತ್ತ ಹೌಸ್ ಫುಲ್. ಸಾವ್ಕಾರರಿಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. "ಏಮಯ್ಯಾ, ನಡಸು ಪಿಕ್ಚರು! ಮಂದಿ ಮಾತು ಕೇಳಾಕ ಬಂದಾರ, ಅಗಲ ಅಳಿಯಾಕ ಬಂದಾರೇನು?" ಅಂದರು. ಬೇರೆ ದಾರಿಯಿಲ್ಲದೆ ಚಾಚಾ ಒಂದು ನಿಮಿಷ ನಡೆಸಿದರು. ನೆಲದ ಕ್ಲಾಸಿನಿಂದ ಕೂಗು ಎದ್ದಿತು, "ಏ ಲೇ, ಹೀರೋ ಜಾಲಿಬರ್ಲ ಆಗ್ಯಾನಲೇ! ಯಾರರ ಊಟಾ ಹಾಕ್ರಲೇ!" ಚಾಚಾ ಯಂತ್ರ ನಿಲ್ಲಿಸಿ, ದೀಪ ಹಾಕಿಸಿ, ಕೆಳಗಿಳಿದು ಪರದೆಯ ಮುಂದೆ ಹೋಗಿ ನಿಂತರು.

"ಅಣ್ಣಾರ, ಅಕ್ಕಾರ, ಲೆನ್ಸು ದಾರ್ಯಾಗೈತಿ. ಅರ್ಧ ತಾಸು ಕುಂದರ್ರಿ. ಅವಸರ ಇದ್ದಾರು ರೊಕ್ಕ ವಾಪಸ್ ಇಸ್ಕೊಂಡು ಹೋಗ್ರಿ. ಸೊಟ್ಟ ಮಾರಿ ಮಾತ್ರ ನಾ ತೋರ್ಸಂಗಿಲ್ಲ."

ಎದ್ದು ಹೋದವರು ಏಳೆಂಟು ಮಂದಿ ಅಷ್ಟೇ. ಉಳಿದವರು ಶೇಂಗಾ ತಿನ್ನುತ್ತ ಕೂತರು. ಸಾವ್ಕಾರರು ವಾರ ಮಾತು ಬಿಟ್ಟರು, ಆಮೇಲೆ ಸುಮ್ಮನೆ ಇನ್ನೊಂದು ಲೆನ್ಸು ತರಿಸಿದರು.

ಇನ್ನೊಂದು ಅವರ ಅರದ ಕೆಲಸ. ಪ್ರೊಜೆಕ್ಟರಿನ ಒಳಗೆ, ಫಿಲ್ಮಿನ ಮುಂದೆ ಒಂದು ತೂತಿನ ತಗಡು ಇರುತ್ತದೆ. ಆ ತೂತಿನ ಆಕಾರವೇ ಪರದೆಯ ಮೇಲಿನ ಚಿತ್ರದ ಆಕಾರ. ನಮ್ಮ ಟಾಕೀಸಿನ ಪರದೆ ಕಟ್ಟುವಾಗಲೇ ಸ್ವಲ್ಪ ವಾರೆ ಆಗಿತ್ತು, ಕಂಪನಿಯ ತಗಡು ಹಾಕಿದರೆ ಒಂದು ಕಡೆ ಬೆಳಕು ಗೋಡೆಗೆ ಚೆಲ್ಲುತ್ತಿತ್ತು. ಬೇರೆ ಆಪರೇಟರಾದರೆ ದೊಡ್ಡ ಕಪ್ಪು ಬಟ್ಟೆ ಎಳೆದು ಕೈ ತೊಳೆದುಕೊಳ್ಳುತ್ತಿದ್ದ. ಚಾಚಾ ಖಾಲಿ ತಗಡು ತಂದು, ಸಣ್ಣ ತೂತು ಕೊರೆದು, ನಾಲ್ಕೈದು ದಿನ ಅರ ಹಿಡಿದು ಉಜ್ಜುವರು. ಉಜ್ಜಿ ಹಾಕಿ ನೋಡುವರು, ತೆಗೆದು ಮತ್ತೆ ಉಜ್ಜುವರು. "ಒಂದ್ ಎಳಿ ಕಮ್ಮಿ ಉಜ್ಜಿದ್ರ ಯಾರದೋ ಕೈ ಹೋತು. ಅಂಚಿನಾಗ ನಿಂತಾವ್ಗೂ ಆ ಡೈರೆಕ್ಟ್ರು ಕೂಲಿ ಕೊಟ್ಟಾನ. ಅವ್ನ ತಗ್ಯಾಕ ನಾ ಯಾರು?" ಇದು ಅವರ ಮಾತು. ನೂರು ಸಲ ಕೇಳಿದ್ದೇನೆ. ಕೇಳಿ ಕೇಳಿ ನಗುತ್ತಿದ್ದೆ. ನನ್ನ ಕಿವಿಗೆ ಅದು ಗೋರ್ಕಲ್ಲ ಮೇಲೆ ಮಳೆ.

ಆ ಕಾಲದಲ್ಲಿ ಆಪರೇಟರುಗಳು ಫಿಲ್ಮಿನಿಂದ ತಮಗೆ ಬೇಕಾದ ತುಂಡು ಕತ್ತರಿಸಿ ಇಟ್ಟುಕೊಳ್ಳುವುದು ಮಾಮೂಲು. ಹೀರೋಯಿನ್ನಿನ ಒಂದೆರಡು ಚಿತ್ರ ಕತ್ತರಿಸಿ ಕಿಸೆಯಲ್ಲಿಟ್ಟುಕೊಂಡು ಗೆಳೆಯರಿಗೆ ತೋರಿಸುವರು. ಹಾಗಾಗಿ ಒಳ್ಳೆಯ ಹಾಡು ಊರಿಂದ ಊರಿಗೆ ಗಿಡ್ಡವಾಗುತ್ತ ಹೋಗುತ್ತಿತ್ತು. ನಮ್ಮಲ್ಲಿಗೆ ಬಂದ ಫಿಲ್ಮಿನ ಡಬ್ಬಿ ಮಾತ್ರ ಬಂದಂತೆಯೇ ಹೋಗುತ್ತಿತ್ತು. ಒಮ್ಮೆ ನಾನೇ ಬಾಯಿಬಿಟ್ಟು, "ಚಾಚಾ, ಒಂದೇ ಒಂದು ತುಂಡು ಕೊಡ್ರಿ, ಪಾಕೀಟಿನ್ಯಾಗ ಇಟ್ಕೋತೀನಿ," ಅಂತ ಹಲ್ಲು ಗಿಂಜಿದ್ದೆ. "ಮಂದಿ ಸೊತ್ತಪ್ಪ ಇದು. ನನ್ನ ಕೈಯಾಗ ಕಾಯಾಕ ಕೊಟ್ಟಾರ, ಕದಿಯಾಕಲ್ಲ," ಅಂದಿದ್ದರು. ಈ ಮಾತಿನ ತೂಕ ಎಷ್ಟು ಅಂತ ನನಗೆ ತಿಳಿದದ್ದು ಬಹಳ ವರ್ಷದ ಮೇಲೆ.

ನಾನು ಟಾಕೀಸು ಬಿಟ್ಟು ಬಳ್ಳಾರಿಗೆ ಬಂದು ಸತ್ಯನಾರಾಯಣಪೇಟೆಯಲ್ಲಿ ವಿಡಿಯೋ ಲೈಬ್ರರಿ ತೆಗೆದೆ. ಕ್ಯಾಸೆಟ್ಟಿನ ಕಾಲ. ಮನೆ ಮನೆಗೆ ಟಿ.ವಿ. ಬಂದು ಸಿನಿಮಾ ಅಂಗೈಗೆ ಬಂದಿತ್ತು. ಆದರೆ ಆಗಿನ ಟಿ.ವಿ. ಹೆಚ್ಚುಕಮ್ಮಿ ಚೌಕ, ಸ್ಕೋಪ್ ಚಿತ್ರವೋ ಉದ್ದನೆಯ ಹಾಸಿಗೆ. ಪೂರ್ತಿ ತೋರಿಸಬೇಕಾದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಡಬೇಕು. ಪಟ್ಟಿ ಬೇಡ ಅಂದರೆ ಎರಡೂ ಬದಿ ಕತ್ತರಿಸಬೇಕು. ನಮ್ಮ ಗಿರಾಕಿಗಳಿಗೆ ಕಪ್ಪು ಪಟ್ಟಿ ಅಂದರೆ ಮೈಯೆಲ್ಲ ಉರಿ. ಸಿರಿಗೇರಿಯಿಂದ ಬಸ್ಸು ಹತ್ತಿ ಬರುತ್ತಿದ್ದ ಒಬ್ಬ ಗೌಡರು ಕ್ಯಾಸೆಟ್ಟನ್ನು ಟೇಬಲ್ಲಿನ ಮೇಲೆ ಕುಕ್ಕಿ, "ಏನಪಾ, ಅರ್ಧ ಸಿನಿಮಾ ತುಂಬಿ ಕೊಟ್ಟೀಯಲ್ಲ! ಮ್ಯಾಲ ಮಸಿ, ಕೆಳಗ ಮಸಿ. ನನ್ನ ಟಿ.ವಿ. ಕೆಟ್ಟೈತಂತ ಮೆಕ್ಯಾನಿಕ್ಕನ್ನ ಬ್ಯಾರೆ ಕರೆಸಿದ್ನಿ," ಅಂತ ಕೂಗಾಡಿದರು. ಅವತ್ತಿನಿಂದ ನಾನು ಟಿ.ವಿ. ತುಂಬುವ ಕ್ಯಾಸೆಟ್ಟುಗಳನ್ನೇ ಇಡತೊಡಗಿದೆ. ಬದಿ ಹೋದರೆ ಹೋಯಿತು, ಗೌಡರು ಬಂದರಲ್ಲ!

ಚಾಚಾ ಬಳ್ಳಾರಿಗೆ ಪ್ರೊಜೆಕ್ಟರಿನ ಸಾಮಾನು ಒಯ್ಯಲು ಬಂದಾಗಲೆಲ್ಲ ನನ್ನ ಅಂಗಡಿಗೆ ಬರುತ್ತಿದ್ದರು. ಸ್ಟೂಲಿನ ಮೇಲೆ ಕೂತು, ಚಹಾ ಹಿಡಿದು, ಅಂಗಡಿಯ ಟಿ.ವಿ. ನೋಡುವರು. ಒಂದು ದಿನ ಒಂದು ಜಗಳದ ದೃಶ್ಯ ಬರುತ್ತಿತ್ತು. ಪರದೆಯಲ್ಲಿ ಗಂಡ ಎಡ ತುದಿಗೆ, ಹೆಂಡತಿ ಬಲ ತುದಿಗೆ ನಿಂತು ಕಿತ್ತಾಡುವುದು. ಟಿ.ವಿ.ಯಲ್ಲಿ ಈ ಕಡೆ ಒಂದು ಮೂಗು, ಆ ಕಡೆ ಒಂದು ಮೂಗು, ನಡುವೆ ಒಂದು ಹೂದಾನಿ. ಚಾಚಾ ಸ್ವಲ್ಪ ಹೊತ್ತು ನೋಡಿ ಕೇಳಿದರು, "ಈ ಹೂದಾನಿ ಹೀರೋ ಏನಪಾ? ಭಾಳ ಹೊತ್ತಾತು, ಮಾತೇ ಆಡವಲ್ದು." ಅಂಗಡಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಅವರು ನಗಲಿಲ್ಲ.

ಆಮೇಲೆ ಸಿ.ಡಿ. ಬಂತು. ನಾನು ಲೈಬ್ರರಿಯಿಂದ ಸ್ವಲ್ಪ ಮೇಲೆ ಹತ್ತಿ ಹಳೆಯ ಚಿತ್ರಗಳ ಹಕ್ಕು ಹಿಡಿದು, ಸಿ.ಡಿ. ಮಾಡಿಸಿ ಹಂಚುವ ವ್ಯಾಪಾರಕ್ಕೆ ಇಳಿದೆ. ಹಾಗೆ ಹಿಡಿದ ಚಿತ್ರಗಳಲ್ಲಿ ಒಂದು ಬಣ್ಣದ ಸಿನಿಮಾಸ್ಕೋಪ್ ಇತ್ತು. ಅಂಥ ದೊಡ್ಡ ಚಿತ್ರವೇನಲ್ಲ, ಓಡಿಯೂ ಇರಲಿಲ್ಲ. ಅದರ ಸುದ್ದಿ ಹೇಗೋ ಚಾಚಾನ ಕಿವಿಗೆ ಬಿತ್ತು. ಮರುದಿನ ಬೆಳಿಗ್ಗೆ ನಾನು ಶಟರ್ ಎತ್ತುವಾಗಲೇ ಬಂದು ನಿಂತಿದ್ದರು. ಅಷ್ಟು ವರ್ಷದಲ್ಲಿ ಅವರು ಸ್ಟೂಲಿನ ಮೇಲೆ ಕೂರದೆ ಮಾತಾಡಿದ್ದು ಅವತ್ತೊಂದೇ ದಿನ.

"ಆ ಪಿಕ್ಚರ್‌ನ್ಯಾಗ ನನ್ನ ಹೇಣ್ತಿ ಅದಾಳಪ್ಪ," ಅಂದರು.

ಹೇಗೆ ಅಂತ ಕೇಳಿದೆ. ಅವರು ಹೇಳಿದರು. ಮದುವೆಯಾದ ವರ್ಷ, ಕುರುಗೋಡಿನ ಗುಡ್ಡದ ಹತ್ತಿರ ಶೂಟಿಂಗ್ ಬಂದಿತ್ತಂತೆ. ಹೀರೋಯಿನ್ನಿನ ಬಂಡಿ ಹೋಗುವಾಗ ದಾರಿಯ ಬದಿಗೆ ಕೊಡ ಹೊತ್ತ ಹೆಂಗಸರು ಬೇಕು ಅಂತ ಕರೆದರಂತೆ. ಆಕೆ ಮನೆಯಲ್ಲಿ ಯಾರಿಗೂ ಹೇಳದೆ ಓಡಿಹೋಗಿ ನಿಂತಳಂತೆ. ಆಮೇಲೆ ಅತ್ತೆಯ ಕೈಲಿ ಬೈಸಿಕೊಂಡಳಂತೆ. ಎರಡು ವರ್ಷದ ಮೇಲೆ ಹೆರಿಗೆಯಲ್ಲಿ ತೀರಿಕೊಂಡಳು, ಕೂಸು ಉಳಿಯಿತು. ಆ ಚಿತ್ರ ಸಿರುಗುಪ್ಪಕ್ಕೆ ಬಂದಾಗ ಯಂತ್ರ ನಡೆಸುತ್ತಿದ್ದವರು ಇವರೇ. ಗಾಜಿನ ಕಿಂಡಿಯಿಂದ ದಿನಕ್ಕೆ ನಾಲ್ಕು ಸಲ ಹೆಂಡತಿಯನ್ನು ನೋಡಿದ್ದಾರೆ. ಆಮೇಲೆ ಇನ್ನೊಮ್ಮೆ ಬಂದಾಗ ನಾಲ್ಕು ವರ್ಷದ ಮಗಳನ್ನು ಕುರುಗೋಡಿನಿಂದ ಕರೆತಂದು ತೊಡೆಯ ಮೇಲೆ ಕೂರಿಸಿಕೊಂಡರಂತೆ. ಆ ದೃಶ್ಯ ಬರುವಷ್ಟರಲ್ಲಿ ಮಗು ನಿದ್ದೆ ಹೋಗಿತ್ತು. ಮರುದಿನ ಡಬ್ಬಿ ಬೇರೆ ಊರಿಗೆ ಹೋಯಿತು, ಮತ್ತೆ ಬರಲೇ ಇಲ್ಲ.

"ಒಂದು ತುಂಡು ಕತ್ತರಿಸಿ ಇಟ್ಕೋಬೇಕಿತ್ತಲ್ಲ ಚಾಚಾ," ಅಂದೆ.

"ಕತ್ರಿ ಕೈಯಾಗ ಹಿಡ್ದಿದ್ನಿ. ಬರ್ಲಿಲ್ಲ ಮನ್ಸು," ಅಂದರು. "ಈಗ ಮಗಳು ದೊಡ್ಡಾಕಿ ಆಗ್ಯಾಳ, ಲಗ್ನ ಆಗೈತಿ. ತಾಯಿ ಮಾರಿ ಹೆಂಗಿತ್ತು ಅಂತ ಕೇಳ್ತಾಳ. ನನ್ನ ಬಾಯಾಗ ಹೇಳಾಕ ಬರಂಗಿಲ್ಲ. ನನ್ನ ಅವ್ವ ಹೋದ್ಲು, ಆಕಿ ತೌರುಮನಿ ಕಡಿಯಾರು ಒಬ್ಬರೂ ಉಳಿದಿಲ್ಲ. ಆಕಿ ಎಡಗಡಿ ತುದಿಗೆ ನಿಂತಾಳ. ಅಂಚು ಒಂದು ಉಳ್ಸಪ್ಪ."

"ಅಯ್ಯೋ ಚಾಚಾ, ಇದಕ್ಕ ಇಷ್ಟ್ಯಾಕ? ಪೂರ್ತಿ ತರ್ತೀನಿ ಬಿಡ್ರಿ," ಅಂದೆ. ಅವರು ನನ್ನ ಕೈ ಹಿಡಿದುಕೊಂಡರು.

ಫಿಲ್ಮಿನಿಂದ ಟೇಪಿಗೆ ಇಳಿಸುವ ಯಂತ್ರ ಚೆನ್ನೈಯಲ್ಲಿತ್ತು. ಡಬ್ಬಿ ಹೊರಿಸಿಕೊಂಡು ಹೋದೆ. ಅಲ್ಲಿನ ಟೆಕ್ನಿಷಿಯನ್ ಮೊದಲು ಕೇಳಿದ್ದೇ, ಪೂರ್ತಿ ಅಗಲ ಬೇಕೋ, ಟಿ.ವಿ. ತುಂಬ ಬೇಕೋ ಅಂತ. ಚಾಚಾನ ಮಾತು ಮರೆತಿದ್ದೆ ಅಂತ ಬರೆದರೆ ನೀವು ನಂಬುತ್ತೀರಿ. ಆದರೆ ಮರೆತಿರಲಿಲ್ಲ. ಚೆನ್ನಾಗಿ ನೆನಪಿತ್ತು. ಕಪ್ಪು ಪಟ್ಟಿ ಇದ್ದರೆ ಒಂದು ಸಿ.ಡಿ.ಯನ್ನೂ ಮುಟ್ಟುವುದಿಲ್ಲ ಅಂತ ಡೀಲರುಗಳು ಹೇಳಿದ್ದೂ ನೆನಪಿತ್ತು. "ಟಿ.ವಿ. ತುಂಬ," ಅಂದೆ. ಇನ್ನೂ ಕೇಳಿ. ಆ ದೃಶ್ಯ ಬಂದಾಗ ನಾನೇ ಯಂತ್ರ ನಿಲ್ಲಿಸಿ, ಈ ಅಂಚಿನಲ್ಲಿ ನಮ್ಮ ಕಡೆಯವರೊಬ್ಬರು ಇದ್ದಾರೆ ಅಂತ ಅವನಿಗೆ ಹೇಳಿದೆ. ಆ ಪುಣ್ಯಾತ್ಮ, ಈ ಒಂದು ರೀಲನ್ನು ಪೂರ್ತಿ ಅಗಲದಲ್ಲಿ ಬೇರೆ ಟೇಪಿಗೆ ಇಳಿಸಿಕೊಡುತ್ತೇನೆ, ಅರ್ಧ ಗಂಟೆ ಕೂರಿ ಅಂದ. ನನಗೆ ರೈಲಿನ ಹೊತ್ತಾಗಿತ್ತು. ಬೇಡ ಬಿಡಪ್ಪ, ಇನ್ನೊಮ್ಮೆ ನೋಡೋಣ ಅಂದೆ. ಆ ಅರ್ಧ ಗಂಟೆ ಉಳಿಸಿ ನಾನು ಮಾಡಿದ್ದೇನು ಗೊತ್ತೇ? ಸ್ಟೇಷನ್ನಿನಲ್ಲಿ ಕೂತು ಎರಡು ಪ್ಲೇಟು ವಡೆ ತಿಂದೆ.

ಊರಿಗೆ ಬಂದ ಮೇಲೆ ಗೋಡೌನು ಖಾಲಿ ಮಾಡಬೇಕಿತ್ತು, ಡಬ್ಬಿಗಳನ್ನೆಲ್ಲ ಗುಜರಿಗೆ ಹಾಕಿದೆ.

ಸಿ.ಡಿ. ಬಂತು. ಕವರಿನ ಮೇಲೆ ಕೆಂಪು ಅಕ್ಷರದಲ್ಲಿ ಫುಲ್ ಸ್ಕ್ರೀನ್ ಅಂತ ನಾನೇ ಬರೆಸಿದ್ದೆ. ಚಾಚಾನಿಗೆ ಒಂದು ಪ್ರತಿ ಕೊಟ್ಟು ಕಳಿಸುವ ಧೈರ್ಯ ನನಗಾಗಲಿಲ್ಲ. ಅವರು ಸಿರುಗುಪ್ಪದ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ತಾವೇ ಕೊಂಡರು. ಪಕ್ಕದ ಮನೆಯಿಂದ ಪ್ಲೇಯರ್ ಇಸಿದುಕೊಂಡು, ಕುರುಗೋಡಿನಲ್ಲಿ ಮಗಳು ಅಳಿಯನನ್ನು ಮುಂದೆ ಕೂರಿಸಿಕೊಂಡು ಹಾಕಿದರು. ಆ ದೃಶ್ಯದಲ್ಲಿ ಬಂಡಿ ಬಂತು, ಹೀರೋಯಿನ್ ಬಂದಳು. ಎಡಗಡೆ ಒಂದು ಕೊಡದ ಕಂಠ ಮಾತ್ರ ಬಂತು, ಅದೂ ಅರ್ಧ.

ಎರಡು ದಿನದ ಮೇಲೆ ಅಂಗಡಿಗೆ ಬಂದರು. ಕೂತರು. ನಾನು ಚಹಾ ತರಿಸಿದೆ. ಅವರು ಕೇಳುವ ಮೊದಲೇ ನನ್ನ ಬಾಯಿ ತೆರೆಯಿತು. "ಪ್ರಿಂಟು ಹಾಳಾಗಿತ್ತು ಚಾಚಾ. ಹುಳಿ ಹಿಡಿದು ಎಡದಂಚು ಪೂರ್ತಿ ಹೋಗಿಬಿಟ್ಟಿತ್ತು. ಭಾಳ ಪ್ರಯತ್ನ ಮಾಡಿದ್ನಿ."

ಯಾರ ಮುಂದೆ ಹೇಳಿದೆ ನೋಡಿ! ಹುಳಿ ಹಿಡಿದ ಫಿಲ್ಮು ಹಪ್ಪಳದಂತೆ ಪೂರ್ತಿ ಸುರುಟಿಕೊಳ್ಳುತ್ತದೆ. ಅಳತೆಪಟ್ಟಿ ಇಟ್ಟು ಕತ್ತರಿಸಿದಂತೆ ಒಂದು ಬದಿ ಮಾತ್ರ ಹೋಗುವುದಿಲ್ಲ. ಆ ಸಂಗತಿ ಬಳ್ಳಾರಿ ಜಿಲ್ಲೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದ ಮನುಷ್ಯನ ಮುಂದೆ ಹೇಳಿದೆ. ಅವರು ನನ್ನ ಮುಖ ನೋಡಿದರು. "ಹೌದಾ," ಅಂದರು. ಆಮೇಲೆ, "ಡಬ್ಬಿ ಎಲ್ಲ್ಯದಾವ?" ಅಂತ ಕೇಳಿದರು. ಗುಜರಿಗೆ ಹಾಕಿದ್ದನ್ನು ಹೇಳಿದೆ. ಅದೊಂದು ನಿಜ ಹೇಳಿದೆ. ಅವರು ಚಹಾ ಕುಡಿದು, ಲೋಟವನ್ನು ತಾವೇ ತೊಳೆದಿಟ್ಟು, "ಬರ್ತೀನಪ್ಪ," ಅಂತ ಹೋದರು.

ಬೈದಿದ್ದರೆ ಚೆನ್ನಾಗಿತ್ತು. ಕಪಾಳಕ್ಕೆ ಬಿಟ್ಟಿದ್ದರೆ ಇನ್ನೂ ಚೆನ್ನಾಗಿತ್ತು. ಅವರು ಮೊದಲಿನಂತೆಯೇ ಇದ್ದರು. ಟಾಕೀಸು ಮುಚ್ಚಿ ಕುರುಗೋಡಿಗೆ ಹೋಗಿ ಮಗಳ ಗಾದಿ ಅಂಗಡಿಯಲ್ಲಿ ಕೂತ ಮೇಲೂ ಬಳ್ಳಾರಿಗೆ ಬಂದರೆ ನನ್ನನ್ನು ನೋಡದೆ ಹೋಗುತ್ತಿರಲಿಲ್ಲ. ನನ್ನ ಮಗಳ ಮದುವೆಗೆ ತಾವೇ ಹತ್ತಿ ತುಂಬಿ ಹೊಲಿದ ಜೋಡಿ ಗಾದಿಯನ್ನು ಟಂಟಂ ಆಟೋದಲ್ಲಿ ಹೇರಿಸಿಕೊಂಡು ತಂದಿದ್ದರು. "ನಿನ್ನ ಮಗಳು ನನ್ನ ಮೊಮ್ಮಗಳಲ್ಲೇನು?" ಅಂದರು. ನಾನು ಅವರ ಕಾಲಿಗೆ ಬಿದ್ದೆ. ಎಲ್ಲರೂ ಅದನ್ನು ಗೌರವ ಅಂದುಕೊಂಡರು.

ಇಷ್ಟೇ ಆಗಿದ್ದರೆ, ವಯಸ್ಸಿನ ದುರಾಸೆ, ವ್ಯಾಪಾರದ ಬುದ್ಧಿ ಅಂತ ಹೇಗಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಮುಂದಿನದಕ್ಕೆ ಸಮಾಧಾನ ಇಲ್ಲ.

ಹೋದ ವರ್ಷ ಬೆಂಗಳೂರಿನಿಂದ ಒಂದು ಫೋನ್ ಬಂತು. ಹಳೆಯ ಚಿತ್ರಗಳ ಹುಚ್ಚಿನ ನಾಲ್ಕು ಮಂದಿಗೆ ಅದೇ ಚಿತ್ರದ ನೆಗೆಟಿವ್ ಎಲ್ಲೋ ಸಿಕ್ಕಿತ್ತಂತೆ. ತೊಳೆದು, ಸರಿಮಾಡಿ, ಪೂರ್ತಿ ಅಗಲದಲ್ಲಿ ಡಿಸ್ಕ್ ಮಾಡುತ್ತಿದ್ದೇವೆ, ಸಂಗ್ರಹ ಮಾಡುವವರಿಗೆ ಅಂತ ಸ್ವಲ್ಪ ಪ್ರತಿ ಮಾತ್ರ, ನಿಮ್ಮ ಹಳೆಯ ಹಕ್ಕಿನ ಕಾಗದಕ್ಕೆ ಒಂದು ಸಹಿ ಬೇಕು ಅಂದರು. ಹಾಕಿದೆ. ಕೊರಿಯರಿನಲ್ಲಿ ಒಂದು ಡಿಸ್ಕ್ ಬಂತು. ಬಾಗಿಲು ಹಾಕಿಕೊಂಡು ಒಬ್ಬನೇ ನೋಡಿದೆ. ಬಂಡಿ ಬಂತು, ಹೀರೋಯಿನ್ ಬಂದಳು. ಎಡ ತುದಿಯಲ್ಲಿ ಕೊಡ ಹೊತ್ತವರು ಪೂರ್ತಿ ಬಂದರು. ನಾನು ಅವತ್ತು ಚೆನ್ನೈಯಲ್ಲಿ ನೋಡಿದ್ದು ಎಷ್ಟು ಅಸಡ್ಡೆಯಿಂದ ಅಂತ ಆಗ ತಿಳಿಯಿತು. ಅಂಚಿನಲ್ಲಿ ಒಬ್ಬಳಲ್ಲ, ಮೂವರು ಇದ್ದರು.

ಮರುದಿನವೇ ಕುರುಗೋಡಿನ ಬಸ್ಸು ಹತ್ತಬೇಕಿತ್ತು. ಒಂದು ತಾಸಿನ ದಾರಿ. ಹತ್ತಲಿಲ್ಲ. ಡಿಸ್ಕ್ ಕೊಟ್ಟರೆ ಏನಂತ ಹೇಳಿ ಕೊಡುವುದು? ಎಲ್ಲಿಂದ ಬಂತು ಅಂದರೆ? ನಿನ್ನ ಪ್ರಿಂಟಿಗೆ ಮಾತ್ರ ಹುಳಿ ಹಿಡಿದಿತ್ತಾ ಅಂದರೆ? ಇಪ್ಪತ್ತು ವರ್ಷದ ಸುಳ್ಳನ್ನು ಎದುರಿಗೆ ಕೂತು ಒಪ್ಪಿಕೊಳ್ಳಬೇಕಿತ್ತು. ಬೀರುವಿನಲ್ಲಿ ಮನೆಯ ಕಾಗದಪತ್ರದ ಕೆಳಗೆ ಇಟ್ಟೆ. ಯುಗಾದಿ ಕಳೆಯಲಿ ಅಂದೆ. ಅವರ ರೋಜಾ ಮುಗಿಯಲಿ ಅಂದೆ. ಬಿಸಿಲು ಇಳಿಯಲಿ ಅಂದೆ. ನಡುವೆ ಒಮ್ಮೆ ಅವರೇ ಮನೆಗೆ ಬಂದರು. ಬೀರುವಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕೂತು ಉಪ್ಪಿಟ್ಟು ತಿಂದು, ಅದೂ ಇದೂ ಮಾತಾಡಿ ಹೋದರು. ನಾನು ಬೀರುವಿಗೆ ಬೆನ್ನು ಕೊಟ್ಟು ಕೂತಿದ್ದೆ.

ಒಂದು ಬೆಳಿಗ್ಗೆ ಚಾಚಾನ ಅಳಿಯ ಫೋನ್ ಮಾಡಿದ. ರಾತ್ರಿ ಮಲಗಿದವರು ಏಳಲಿಲ್ಲವಂತೆ. ಮಣ್ಣಿಗೆ ಹೋದೆ, ಮೂರು ಹಿಡಿ ಮಣ್ಣು ಹಾಕಿದೆ. ಆಮೇಲೆ ಆ ಸಭೆ, ಆ ಭಾಷಣ, ಮಗಳು ಹೇಳಿದ ಆ ಮಾತು. ಅದಾಗಿ ನಾಲ್ಕನೆಯ ದಿನ ಡಿಸ್ಕನ್ನೂ ಅಳಿಯನ ಲ್ಯಾಪ್‌ಟಾಪಿಗೆ ಜೋಡಿಸುವ ಪ್ಲೇಯರನ್ನೂ ಚೀಲದಲ್ಲಿ ಹಾಕಿಕೊಂಡು ಕುರುಗೋಡಿಗೆ ಹೋದೆ.

ಹಗಲು ಹನ್ನೊಂದರ ಹೊತ್ತು. ಅಂಗಡಿಯ ಮುಂದೆ ಗಾದಿಗಳು ಬಿಸಿಲಿಗೆ ಬಿದ್ದಿದ್ದವು. ಅಳಿಯ ಸಂತೆಗೆ ಹೋಗಿದ್ದ, ಲ್ಯಾಪ್‌ಟಾಪನ್ನು ಮನೆಯಲ್ಲೇ ಬಿಟ್ಟುಹೋಗಿದ್ದ. ಮಗಳು ಸೂಜಿ ಕೆಳಗಿಟ್ಟು, "ಬರ್ರಿ ಅಣ್ಣಾರ," ಅಂತ ಚಾಪೆ ಹಾಸಿದಳು. ನಲವತ್ತು ದಾಟಿದ ಹೆಂಗಸು; ಹಣೆ, ಮೂಗು, ನಿಲ್ಲುವ ರೀತಿ ಎಲ್ಲ ಥೇಟ್ ಅಪ್ಪನದೇ. "ನಿಮ್ಮವ್ವ ಇರೋ ಪಿಕ್ಚರ್ ತಂದೀನವ್ವ. ಪೂರ್ತಿ ಐತಿ," ಅಂದೆ. ಆಕೆ ಒಳಗೆ ಹೋಗಿ ಕೈ ತೊಳೆದು, ತಲೆಯ ಮೇಲೆ ಸೆರಗು ಹೊದ್ದು ಬಂದು ಕೂತಳು.

ಹಾಕಿದೆ. ಬಂಡಿ ಬಂತು. ಎಡಗಡೆ ಮೂವರು ನಿಂತಿದ್ದರು. ಒಬ್ಬಳು ನಗುತ್ತಿದ್ದಳು, ಒಬ್ಬಳು ಬಂಡಿಯ ಎತ್ತಿನ ಕಡೆ ನೋಡುತ್ತಿದ್ದಳು, ಇನ್ನೊಬ್ಬಳು ಸೀದಾ ನಮ್ಮ ಕಡೆಗೇ ನೋಡುತ್ತಿದ್ದಳು. ಹನ್ನೊಂದು ಸೆಕೆಂಡು ಮುಗಿಯಿತು. ನಿಲ್ಲಿಸಿದೆ.

"ಇದ್ರಾಗ ಯಾರ್ರೀ ಅಣ್ಣಾ ನಮ್ಮವ್ವ?"

ನನಗೆ ಗೊತ್ತಿರಲಿಲ್ಲ. ಆ ಊರಿನಲ್ಲಿ, ಈ ಭೂಮಿಯ ಮೇಲೆ, ಅದು ಗೊತ್ತಿದ್ದವರು ಒಬ್ಬರೇ ಇದ್ದರು, ಅವರ ಮೇಲೆ ನಾನೇ ಮಣ್ಣು ಹಾಕಿ ಬಂದಿದ್ದೆ. ನಗುತ್ತಿದ್ದವಳ ಮೇಲೆ ಬೆರಳಿಟ್ಟು ಈಕೆಯೇ ಅಂದಿದ್ದರೆ ಆಕೆ ನಂಬುತ್ತಿದ್ದಳು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು, ಬೆರಳು ಅರ್ಧ ಎದ್ದಿತ್ತು. ಅದೇ ಮನೆಯವರಿಗೆ ಇನ್ನೊಂದು ಸುಳ್ಳು. ಬೆರಳು ಮಡಚಿಕೊಂಡೆ. "ಗೊತ್ತಿಲ್ಲವ್ವ," ಅಂದೆ. ಅಂದವನು ನಿಲ್ಲಲಿಲ್ಲ. ಚೆನ್ನೈ, ರೈಲು, ವಡೆ, ಹುಳಿ ಹಿಡಿದ ಪ್ರಿಂಟು, ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. ಆಕೆ ನೆಲ ನೋಡುತ್ತ ಕೇಳಿದಳು.

"ಪ್ರಿಂಟು ಹಾಳಾಗಿತ್ತು ಅಂತ ಅಪ್ಪ ಹೇಳ್ಯಾನ. ನಿಮ್ಮ ಮ್ಯಾಲ ಒಂದು ಮಾತು ಅಂದಿಲ್ಲ," ಅಂದಳು. ಆಮೇಲೆ ತಲೆ ಎತ್ತಿ ಕೇಳಿದಳು. "ಇದು ಯಾವಾಗ ಬಂತ್ರೀ ನಿಮ್ಮ ಕೈಗೆ?"

ಮೊನ್ನೆ ಅನ್ನಬಹುದಿತ್ತು.

"ಎಂಟು ತಿಂಗಳಾತವ್ವ."

ಆಕೆ ಬಾಗಿಲ ಹೊರಗಿನ ಕಟ್ಟೆಯ ಕಡೆ ಒಮ್ಮೆ ನೋಡಿದಳು.

"ಎಂಟು ತಿಂಗಳು ದಿನಾ ಆ ಕಟ್ಟಿ ಮ್ಯಾಲ ಖಾಲಿ ಕುಂತಿದ್ದ ಅಣ್ಣಾ. ಒಂದ್ಸಲ ಬಂದಿದ್ರ ಬೆರಳು ಇಟ್ಟು ತೋರಿಸ್ತಿದ್ದ."

ಆಕೆ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು, ಹೇಗೆ ಹಿಂದಕ್ಕೆ ಹೋಗುವುದು ಅಂತ ಕೇಳಿ ತಿಳಿದುಕೊಂಡು, ತಾನೇ ಮತ್ತೆ ಹಾಕಿದಳು. ಮತ್ತೆ ಹಿಂದಕ್ಕೆ ಹೋದಳು, ಮತ್ತೆ ಹಾಕಿದಳು. ನಾಲ್ಕನೆಯ ಸಲವೋ ಐದನೆಯ ಸಲವೋ, ಕಣ್ಣು ಎತ್ತದೆಯೇ ನನಗೆ ಹೇಳಿದಳು.

"ಸ್ವಲ್ಪ ಸರೀರಿ ಅಣ್ಣಾ. ಎಡಗಡಿ ನಿಮ್ಮ ನೆಳ್ಳು ಬೀಳಾಕತೈತಿ."